ಹೆಸರಿಲ್ಲದ ಹನ್ನೊಂದು ಪಾದಗಳು

ಹಾಪೈ ದ್ವೀಪಗಳ ನೆಲ ಎಷ್ಟು ತಗ್ಗೆಂದರೆ, ಆಸ್ಪತ್ರೆಯ ಜಗಲಿಯಲ್ಲಿ ಕೂತವರ ಕಣ್ಣಿಗೆ ದೋಣಿಗಳು ತೆಂಗಿನ ಮರಗಳ ನಡುವೆಯೇ ತೇಲಿಹೋಗುತ್ತವೆ. ಚಳಿಗಾಲದ ಬೆಳಗಿನಲ್ಲಿ ಹವಳದ ದಂಡೆಯಾಚೆ ತಿಮಿಂಗಿಲಗಳು ಉಸಿರು ಬಿಡುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಹಿರಿಯರು ನಿದ್ದೆಯಲ್ಲೇ ಮಗ್ಗುಲು ಬದಲಿಸಿದಂತೆ ಕೇಳುತ್ತದೆ. ಅಂಥ ಬೆಳಗುಗಳಲ್ಲಿ ಅಕೊಸಿತಾಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ಬಿಳಿ ಸಮವಸ್ತ್ರ, ಅದರ ಮೇಲೆ ಸೊಂಟಕ್ಕೆ ಕಟ್ಟಿದ ನಾರಿನ ಪಟ್ಟಿ, ತೊಡೆಯ ಮೇಲೆ ದಪ್ಪ ರಿಜಿಸ್ಟರು. ಮಂಗಳವಾರ, ಗಾಯ ತೊಳೆದು ಕಟ್ಟುವ ದಿನ.

ಹೆಂಗಸರು ಬರುತ್ತಿದ್ದರು. ಇಪ್ಪತ್ತು ಜನ, ಬೀಸಣಿಗೆ ಬೀಸಿಕೊಳ್ಳುತ್ತ, ಒಬ್ಬರ ಹೆಗಲಿಗೆ ಇನ್ನೊಬ್ಬರು ಕೈಯಿಟ್ಟು. ಕಾಲಿನ ಕಟ್ಟು ಬಿಚ್ಚುವಷ್ಟರಲ್ಲಿ ದ್ವೀಪದ ಸುದ್ದಿಯನ್ನೆಲ್ಲ ಬಿಚ್ಚಿ ಮುಗಿಸುತ್ತಿದ್ದರು. ಗಂಡಸರು ಹದಿಮೂರು. ಅವರಲ್ಲಿ ಬರುತ್ತಿದ್ದದ್ದು ಇಬ್ಬರು ಮಾತ್ರ, ಇಬ್ಬರೂ ಬಹುದೂರದ ಉತ್ತರದ ದ್ವೀಪದಿಂದ ಬಂದು ಇಲ್ಲಿ ನೆಲೆಸಿದವರು. ಉಳಿದ ಹನ್ನೊಂದು ಹೆಸರುಗಳ ಮುಂದೆ ಅಕೊಸಿತಾ ಪ್ರತಿ ವಾರವೂ ಒಂದೇ ಗುರುತು ಹಾಕುತ್ತಿದ್ದಳು.

ಅವಳು ನರ್ಸು, ಜೊತೆಗೆ ಎರಡು ವರ್ಷದಿಂದ ಸಂಶೋಧಕಿ. ಸಕ್ಕರೆ ರೋಗದಿಂದ ಪಾದ ಕೊಳೆತು ರಾಜಧಾನಿಯ ಆಸ್ಪತ್ರೆ ಸೇರಿ ಬಂದವರನ್ನು ನರ್ಸು ಮನೆಯವರೆಗೂ ಹಿಂಬಾಲಿಸಿ ಗಾಯ ತೊಳೆದರೆ, ಪಾದದ ಭಾರ ಇಳಿಸುವ ಮೆತ್ತೆ ಕಟ್ಟಿದರೆ, ವರ್ಷದ ಕೊನೆಗೆ ಎಷ್ಟು ಕಾಲು ಉಳಿಯುತ್ತವೆ ಎಂಬುದೇ ಅಧ್ಯಯನ. ನಮೂನೆಗಳು ಮೆಲ್ಬರ್ನಿನಿಂದ ಬರುತ್ತಿದ್ದವು. ರೋಗಿ ಬಾರದಿದ್ದರೆ ಕಾರಣ ತುಂಬಲು ಅದರಲ್ಲಿ ನಾಲ್ಕು ಖಾನೆ: ವಾಹನವಿಲ್ಲ, ಹುಷಾರಿಲ್ಲ, ಊರಲ್ಲಿಲ್ಲ, ನಿರಾಕರಿಸಿದ. ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗಲು ಮುಕ್ಕಾಲು ಗಂಟೆ. ಆ ಹನ್ನೊಂದು ಜನರಿಗೆ ನಾಲ್ಕನೆಯ ಖಾನೆ ಬಿಟ್ಟು ಬೇರೆ ಜಾಗವಿರಲಿಲ್ಲ.

ನಿರಾಕರಿಸಿದ. ಎಂಥ ಚೊಕ್ಕಟ ಪದ. ಈ ದ್ವೀಪಗಳಿಗೆ ಸಕ್ಕರೆ ರೋಗ ಈಜಿಕೊಂಡು ಬರಲಿಲ್ಲ, ಹಡಗಿನಲ್ಲಿ ಬಂತು. ತಮ್ಮ ಊರಿನಲ್ಲಿ ಯಾರೂ ಕೊಳ್ಳದ ಕುರಿಯ ಕೊಬ್ಬಿನ ಪಕ್ಕೆಗಳನ್ನು ಹೆಪ್ಪುಗಟ್ಟಿಸಿ, ಬಿಳಿ ಹಿಟ್ಟು ತುಂಬಿ, ಬಣ್ಣದ ಸಕ್ಕರೆ ನೀರಿನ ಬಾಟಲಿ ತುಂಬಿ ದೊಡ್ಡ ದೇಶಗಳು ಕಳಿಸಿದವು. ಮೀನು ಹಿಡಿದು ಮಾರಿದವನಿಗೆ ಮೀನಿಗಿಂತ ಆ ಪಕ್ಕೆ ಅಗ್ಗ. ಒಂದು ತಲೆಮಾರು ಉಂಡಿತು. ಆಮೇಲೆ ಅದೇ ದೇಶಗಳಿಂದ ಕಾಲು ಎಣಿಸುವವರು ಬಂದರು, ನಮೂನೆ ಹಿಡಿದು, ಮುಗುಳ್ನಗುತ್ತ. ಹಡಗು ತುಂಬಿ ಕಳಿಸಿದವನು ಯಾವ ಖಾನೆಗೆ ಸೇರುತ್ತಾನೆ ಎಂದು ಆ ನಮೂನೆ ಕೇಳಲಿಲ್ಲ. ಕಾಲು ಕೊಳೆಸಿಕೊಂಡವನು ಮಾತ್ರ ನಿರಾಕರಿಸಿದವನು.

ಹನ್ನೊಂದರಲ್ಲಿ ಒಬ್ಬ ವಿಲಿಸೋನಿ, ಅಕೊಸಿತಾಳ ಚಿಕ್ಕಪ್ಪನ ಮಗ, ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವನು. ಬೇಸಿಗೆಯಲ್ಲಿ ಎಡಗಾಲಿನ ಎರಡು ಬೆರಳು ಕಳೆದುಕೊಂಡು ರಾಜಧಾನಿಯಿಂದ ಮರಳಿದ್ದ. ಪಾದದಡಿ ಕಾಸಿನಗಲ ಗಾಯ ಉಳಿದಿದೆ, ಜೋಪಾನ ಎಂದು ಚೀಟಿಯಲ್ಲಿ ಬರೆದಿತ್ತು. ಆಮೇಲೆ ಆ ಪಾದವನ್ನು ಯಾವ ನರ್ಸೂ ನೋಡಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಸರ್ಜನ್ನರ ಹಡಗು ಬರುವುದಿತ್ತು. ಅವರು ಬಂದು ನೋಡಿ, ಉಳಿಯದು ಎನಿಸಿದ ಕಾಲುಗಳನ್ನು ಅವುಗಳ ಒಡೆಯರ ಸಮೇತ ರಾಜಧಾನಿಗೆ ಒಯ್ಯುತ್ತಿದ್ದರು. ಮರಳಿ ಬರುವಾಗ ಒಡೆಯರು ಮಾತ್ರ ಬರುತ್ತಿದ್ದರು. ಹಡಗಿಗೆ ಇನ್ನು ಐದು ವಾರ ಇತ್ತು.

ಆ ಮಂಗಳವಾರ ಮಧ್ಯಾಹ್ನ ಅಕೊಸಿತಾ ಚೀಲ ಹೆಗಲಿಗೇರಿಸಿ ಅವನ ಮನೆಗೆ ಹೋದಳು. ಬಿಸಿಲು ಹವಳದ ಪುಡಿಯ ರಸ್ತೆಯ ಮೇಲೆ ಬಿದ್ದು ಹಾಲಿನ ಹಾಗೆ ಹರಡಿತ್ತು. ಅಂಗಳದಲ್ಲಿ ಹಂದಿಗಳು ನಿದ್ದೆ ಹೋಗಿದ್ದವು. ಅವಳು ಮುಂಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಹಿಂಬಾಗಿಲು ಕಿರುಗುಟ್ಟಿತು. ವಿಲಿಸೋನಿಯ ಹೆಂಡತಿ ಕಲೋಲೈನೆ ಚಾಪೆ ಕೊಡವಿ ಹಾಸುತ್ತ, ಅವರು ಸಮುದ್ರಕ್ಕೆ ಹೋದರು ಅತ್ತಿಗೆ ಎಂದಳು. ಚಾಪೆಯ ಪಕ್ಕದ ಬಟ್ಟಲಿನಿಂದ ಚಹಾದ ಹಬೆ ಇನ್ನೂ ಏಳುತ್ತಿತ್ತು. ಹಿಂಬಾಗಿಲವರೆಗೆ ನೆಲದ ಮೇಲೆ ಒದ್ದೆಯ ಕಲೆಗಳು, ಒಂದೇ ಕಾಲಿನವು. ಅವುಗಳ ವಾಸನೆ ಅಕೊಸಿತಾಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು.

ಕಲೋಲೈನೆ ಆ ಕಲೆಗಳ ಮೇಲೆ ಚಾಪೆಯ ಅಂಚು ಎಳೆದಳು. ಅಕೊಸಿತಾ ನೋಡಲಿಲ್ಲವೆಂಬಂತೆ ಬ್ಯಾಂಡೇಜಿನ ಸುರುಳಿ ಕೊಟ್ಟು, ಎರಡು ಮಾತು ಹೇಳಿ ಹೊರಬಂದಳು. ದೀವಿ ಹಲಸಿನ ನೆರಳಲ್ಲಿ ನಿಂತು ಗುರುತು ಹಾಕಿದಳು. ನಿರಾಕರಿಸಿದ.

ಅಣ್ಣ ತಂಗಿ, ಅಕ್ಕ ತಮ್ಮ ಪ್ರಾಯಕ್ಕೆ ಬಂದ ಮೇಲೆ ಒಂದು ಕೋಣೆಯಲ್ಲಿ ಕೂರಬಾರದು, ದೇಹದ ಮಾತು ಒಬ್ಬರ ಕಿವಿಗೊಬ್ಬರದು ಬೀಳಬಾರದು ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಇಲ್ಲಿ ಉಸಿರಾಡುವುದನ್ನು ಹೇಗೆ ಯಾರೂ ಕಲಿಸುವುದಿಲ್ಲವೋ ಅದನ್ನೂ ಕಲಿಸುವುದಿಲ್ಲ. ಚಿಕ್ಕಪ್ಪನ ಮಗ, ಮಾವನ ಮಗ, ಅತ್ತೆಯ ಮಗ ಎಂಬ ಭೇದವೂ ಇಲ್ಲ, ಎಲ್ಲರೂ ಒಡಹುಟ್ಟಿದವರೇ. ಹೆಣ್ಣು ಮೇಲು, ಗಂಡು ಅವಳಿಗೆ ತಲೆಬಾಗುವವನು. ಆದರೆ ನರ್ಸಿಂಗ್ ಶಾಲೆಯಲ್ಲಿ ಮೊದಲ ದಿನ ಬಿಳಿ ಬಟ್ಟೆ ಕೈಗಿತ್ತಾಗ ಟೀಚರು ಹೇಳಿದ್ದರು: ಇದನ್ನು ತೊಟ್ಟ ಮೇಲೆ ನೀವು ಯಾರ ಮಗಳೂ ಅಲ್ಲ, ಯಾರ ಅಕ್ಕತಂಗಿಯೂ ಅಲ್ಲ. ಹತ್ತೊಂಬತ್ತರ ಹುಡುಗಿಗೆ ಆ ಮಾತು ರೆಕ್ಕೆ ಕೊಟ್ಟಂತೆ ಕಂಡಿತ್ತು. ಅವಳು ಅದನ್ನು ಇಪ್ಪತ್ತೈದು ವರ್ಷ ನಂಬಿದಳು. ಆ ಬಟ್ಟೆ ತನ್ನನ್ನು ತಮ್ಮಂದಿರ ಕಣ್ಣಿನಿಂದ ಮರೆಮಾಡುತ್ತದೆ ಎಂದುಕೊಂಡು ಮನೆಮನೆಗೆ ಹೋದಳು.

ಅದು ಮರೆಮಾಡುವುದಿಲ್ಲವೆಂದು ಒಡೆದು ಹೇಳಿದವನು ಫಿಲಿಮೋನೆ. ಆಸ್ಪತ್ರೆಯ ದೋಣಿ ಓಡಿಸುವವನು, ಆಂಬುಲೆನ್ಸಿನ ಚಾಲಕ, ಜನರೇಟರ್ ಕೆಟ್ಟರೆ ಮೆಕ್ಯಾನಿಕ್, ಎಲ್ಲ ಅವನೇ. ಐವತ್ತೆರಡು ವರ್ಷ, ಬೋಳುತಲೆ, ಆ ಇಬ್ಬರು ರೋಗಿಗಳಂತೆ ಅವನೂ ಉತ್ತರದ ದ್ವೀಪದವನು. ಈ ಊರಿನಲ್ಲಿ ಅವನಿಗೆ ನೆಂಟರೇ ಇರಲಿಲ್ಲ, ಹೆಂಡತಿಯೂ ಅವನ ಕಡೆಯವಳೇ. ಮರುದಿನ ಅಕೊಸಿತಾ ಜಗಲಿಯಲ್ಲಿ ಹನ್ನೊಂದು ಹಾಳೆ ಹರಡಿಕೊಂಡು ಕೂತಿದ್ದಾಗ ಅವನು ಇಂಜಿನ್ನಿನ ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದು ಮೆಟ್ಟಿಲ ಮೇಲೆ ಕೂತ.

"ನರ್ಸಮ್ಮ, ಈ ಊರಲ್ಲಿ ನಿಮ್ಮನ್ನ ಕಂಡ್ರೆ ಓಡ್ಹೋಗ್ದೇ ಇರೋ ಗಂಡ್ಸು ನಾವ್ ಮೂರೇ ಜನ ಅನ್ಸುತ್ತೆ. ನನ್ ಹೆಂಡ್ತಿ ಕಿವಿಗೆ ಹಾಕ್ಬೇಡಿ, ತಪ್ಪು ತಿಳ್ಕೊಂಡಾಳು."

ಅಕೊಸಿತಾ ನಕ್ಕಳು. ನಗು ಅರ್ಧಕ್ಕೆ ನಿಂತಿತು.

"ಓಡ್ಹೋಗ್ತಾರೆ ಅಂದ್ರೆ?"

"ಮತ್ತಿನ್ನೇನು? ಗಂಡಸ್ರು ಸೇರಿ ಕಾವಾ ಬೇರಿನ ರಸ ಕುಡಿಯೋ ಮನೇಲಿ ಬಟ್ಟಲು ತುಂಬ್ಕೊಡೋಕೆ ಒಂದ್ ಹುಡುಗಿ ಬಂದ್ರೂ ಮೊದ್ಲು ಕೇಳ್ತಾರೆ, ಇವ್ಳು ಇಲ್ಲಿ ಯಾರ್ಗಾದ್ರೂ ತಂಗಿ ಆಗ್ಬೇಕಾ ಅಂತ. ಆಗ್ಬೇಕು ಅಂದ್ರೆ ಅವ್ನು ಎದ್ದು ಹೋಗ್ತಾನೆ. ಬರೀ ಒಂದ್ ಬಟ್ಟಲಿಗೆ. ನೀವು ಮನೆಗೇ ಹೋಗಿ ಕೊಳೆತ ಕಾಲು ತೋರ್ಸು ಅಂತೀರಿ. ಆಸ್ಪತ್ರೇಲಿ ಯಾರೂ ಆ ಪ್ರಶ್ನೆ ಕೇಳಲ್ವಲ್ಲ ಅಂತ ನಂಗೆ ಎರಡ್ ವರ್ಷದಿಂದ ಆಶ್ಚರ್ಯ."

"ಎರಡ್ ವರ್ಷದಿಂದ ಯಾಕ್ ಹೇಳ್ಲಿಲ್ಲ?"

"ನೀವು ಓದ್ದೋರು. ಓದ್ದೋರಿಗೆ ಅದೆಲ್ಲ ಅಂಟಲ್ಲ ಅಂದ್ಕೊಂಡೆ."

ಅವನು ಎದ್ದುಹೋದ. ಅಕೊಸಿತಾ ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಅಪ್ಪನ ಕಡೆಯವರು ಆರು. ಅಮ್ಮನ ಕಡೆಯವರು ನಾಲ್ಕು. ಒಬ್ಬ ಎರಡೂ ಕಡೆಯಿಂದ. ಹನ್ನೊಂದು ಜನವೂ ಅವಳಿಗೆ ಅಣ್ಣ ತಮ್ಮಂದಿರು. ಅಧ್ಯಯನದ ಕೈಗೆ ಸಿಗದಿದ್ದ ಆ ಕಾರಣವೇ ಅಧ್ಯಯನದ ಚೀಲ ಹೊತ್ತು ಮನೆಮನೆಗೆ ತಿರುಗುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿತ್ತು. ಕೊಳೆತ ಪಾದದ ಮೇಲೆ ಭಾರ ಹಾಕಿ ಎದ್ದು ಓಡುವಂತೆ ಮಾಡುತ್ತಿತ್ತು. ಅವಳು ಹೋದಾಗಲೆಲ್ಲ ಗಾಯ ಒಂದಿಷ್ಟು ಆಳವಾಗಿತ್ತು.

ಮಧ್ಯಾಹ್ನ ಅವಳಿಗೆ ಕೂತಲ್ಲೇ ಜೊಂಪು ಹತ್ತಿತು. ಸಮುದ್ರ ಇಳಿದು ಹವಳದ ಬಯಲು ತೆರೆದುಕೊಂಡಿತ್ತು, ಅದರ ಮೇಲೆ ಪಾದಗಳು ನಡೆದು ಹೋಗುತ್ತಿದ್ದವು, ಮೇಲೆ ಜನರಿಲ್ಲದ ಬರೀ ಪಾದಗಳು, ಸಾಲಾಗಿ, ಅವಸರವಿಲ್ಲದೆ. ಒಂದು ಪಾದ ನಿಂತು ತಿರುಗಿತು. ಅದು ಮಗುವಿನದು. ಏಳು ವರ್ಷದ ವಿಲಿಸೋನಿ ಮುಳ್ಳುಗೋಲಿಯಂಥ ಕಡಲಜೀವಿ ತುಳಿದು ಅತ್ತಾಗ ಒಂಬತ್ತು ವರ್ಷದ ಅವಳು ಹಲ್ಲಿನಿಂದ ಮುಳ್ಳು ಕಚ್ಚಿ ತೆಗೆದದ್ದು ನಿಜವಾಗಿ ನಡೆದಿತ್ತು. ಬಾಯಲ್ಲಿ ಉಪ್ಪು, ಮರಳು, ರಕ್ತ. ಮುಂದೆ ಕೆಲವೇ ವರ್ಷಕ್ಕೆ ಅವನು ಹುಡುಗರ ಗುಡಿಸಲಿಗೆ ಮಲಗಲು ಹೋದ. ಅಂದಿನಿಂದ ಇಬ್ಬರೂ ಎದುರುಬದುರು ಒಂದು ಮಾತಾಡಿಲ್ಲ. ಕನಸಿನಲ್ಲಿ ಆ ಪಾದ ಅವಳನ್ನೇ ನೋಡುತ್ತಿತ್ತು. ಪಾದಕ್ಕೆ ಕಣ್ಣೆಲ್ಲಿ ಎಂದು ಅವಳಿಗೆ ತೋಚಲಿಲ್ಲ.

ಎಚ್ಚರವಾದಾಗ ಅವಳು ಮೆಲ್ಬರ್ನಿಗೆ ಕರೆ ಹಚ್ಚಿದಳು. ಅಧ್ಯಯನ ನಡೆಸುವ ಪ್ರೊಫೆಸರ್ ಜಿಲಿಯನ್ ಪರದೆಯ ಮೇಲೆ ಬಂದಳು. ಒಳ್ಳೆಯ ಹೆಂಗಸು. ಎರಡು ಸಲ ದ್ವೀಪಕ್ಕೆ ಬಂದು ಚಾಪೆಯ ಮೇಲೆ ಕೂತು ಉಂಡಿದ್ದಳು, ಹೋಗುವಾಗ ಅತ್ತಿದ್ದಳು. ಅಕೊಸಿತಾ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಇದು ತುಂಬ ಮುಖ್ಯವಾದ ವಿಷಯ ಎಂದಳು. ಗಂಡು ನರ್ಸನ್ನು ಕಳಿಸಬಹುದು, ಮುಂದಿನ ಜೂನ್ ಹೊತ್ತಿಗೆ. ಇದ್ದೊಬ್ಬ ಗಂಡು ನರ್ಸನ್ನು ನ್ಯೂಜಿಲೆಂಡ್ ಎಳೆದುಕೊಂಡು ಎಂಟು ತಿಂಗಳಾಗಿತ್ತು, ವೈದ್ಯರ ಹುದ್ದೆ ಅದಕ್ಕೂ ಮೊದಲೇ ಖಾಲಿ. ದೋಣಿಯವನ ಕೈಯಲ್ಲಿ ಗಾಯ ಕಟ್ಟಿಸಿದರೆ ನಿಯಮ ಮುರಿದಂತೆ, ಆ ಹನ್ನೊಂದು ಸಾಲನ್ನು ಲೆಕ್ಕದಿಂದ ತೆಗೆಯಬೇಕಾಗುತ್ತದೆ ಎಂದಳು. ಹಾಗಾದರೆ ಈಗಿರುವ ಗುರುತನ್ನಾದರೂ ಬದಲಿಸಿ, ಅವರು ನಿರಾಕರಿಸಲಿಲ್ಲ, ನಾನು ಅಕ್ಕನಾಗಿ ಹೋದೆ ಎಂದು ಬರೆಯಿರಿ ಎಂದಳು ಅಕೊಸಿತಾ. ಜಿಲಿಯನ್ ನೊಂದ ಮುಖದಲ್ಲೇ, ಅಂಥ ಖಾನೆ ನಮೂನೆಯಲ್ಲಿ ಇಲ್ಲವಲ್ಲ ಎಂದಳು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಪರದೆಯ ಮೇಲೆ ಅರ್ಧ ತೆರೆದ ಬಾಯಿ ಹಾಗೇ ಉಳಿಯಿತು.

ಅಕೊಸಿತಾ ಆ ನಿಂತ ಮುಖಕ್ಕೆ ಹೇಳಿದಳು: "ನಾನು ಕೇಳ್ತಾ ಇಲ್ಲ, ತಿಳಿಸ್ತಾ ಇದೀನಿ. ಸಾಲು ನೀವು ತೆಗೀರಿ. ಕಾಲು ತೆಗೆಯೋಕೆ ನಾನು ಬಿಡಲ್ಲ."

ಆಮೇಲೆ ಅದನ್ನೇ ಪತ್ರದಲ್ಲಿ, ಸ್ವಲ್ಪ ನಯವಾಗಿ ಬರೆದು ಕಳಿಸಿದಳು.

ಫಿಲಿಮೋನೆಗೆ ನಾಲ್ಕು ದಿನ ಪಾಠವಾಯಿತು. ಹೊಸ ಕೈಗೆ ನಿಜವಾದ ಪಾದ ಕೊಡುವಂತಿರಲಿಲ್ಲ, ಪರಂಗಿ ಹಣ್ಣಿತ್ತು. ಕೊಳೆತ ಪರಂಗಿಯ ಸತ್ತ ಭಾಗವನ್ನಷ್ಟೇ ಕೆರೆದು ತೆಗೆಯಬೇಕು, ಬದುಕಿರುವ ತಿರುಳಿಗೆ ಗೀರು ಬೀಳಬಾರದು. ಮೊದಲ ದಿನ ಅವನು ಆರು ಹಣ್ಣು ಕೊಂದ. ಎರಡನೆಯ ದಿನ, ನನ್ನ ದೋಣಿಯ ಇಂಜಿನ್ನು ಇಷ್ಟು ನಾಜೂಕಾಗಿದ್ದರೆ ನಾನು ಎಂದೋ ಮುಳುಗಿಹೋಗುತ್ತಿದ್ದೆ ಎಂದು ಗೊಣಗಿದ. ಮೂರನೆಯ ದಿನ ಮಾತು ನಿಂತಿತು, ಕೈ ಹಗುರವಾಯಿತು. ಎಣ್ಣೆ ಹಿಡಿದ ಆ ದಪ್ಪ ಬೆರಳುಗಳು ಉಗುರುಬೆಚ್ಚನೆ ನೀರಿನಲ್ಲಿ ಹಣ್ಣನ್ನು ತೊಳೆಯುವುದನ್ನು ನೋಡುತ್ತ ಅಕೊಸಿತಾಗೆ ಕಣ್ಣು ಮಂಜಾಯಿತು. ನಾಲ್ಕನೆಯ ದಿನ ಹಳೆಯ ರಬ್ಬರ್ ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ, ಗಾಯದ ಕೆಳಗೆ ಭಾರ ಬೀಳದಂತೆ ಕುಳಿ ಕೊರೆಯುವುದನ್ನು ಅವನೇ ಅವಳಿಗಿಂತ ಚೆನ್ನಾಗಿ ಮಾಡಿ ತೋರಿಸಿದ.

ಇನ್ನು ಮನೆಗಳನ್ನು ಒಪ್ಪಿಸಬೇಕಿತ್ತು. ಹೆಂಗಸರು ಮರದ ತೊಗಟೆ ಬಡಿದು ಬಟ್ಟೆ ಮಾಡುವ ಚಪ್ಪರಕ್ಕೆ ಅಕೊಸಿತಾ ಹೋಗಿ ಕಲೋಲೈನೆಯ ಪಕ್ಕ ಕೂತಳು. ಕೊಡತಿಗಳು ಒಂದೇ ಲಯದಲ್ಲಿ ಬೀಳುತ್ತಿದ್ದವು, ಆ ಸದ್ದಿನ ಮರೆಯಲ್ಲಿ ಗುಟ್ಟು ಹೇಳಬಹುದಿತ್ತು. ಫಿಲಿಮೋನೆ ಬರುತ್ತಾನೆ, ನಾನಿನ್ನು ಬರುವುದಿಲ್ಲ ಎಂದಳು. ಕಲೋಲೈನೆ ಮರುದಿನ ಉತ್ತರ ತಂದಳು. ತಲೆಯೆತ್ತದೆ, ಕೊಡತಿ ನಿಲ್ಲಿಸದೆ ಹೇಳಿದಳು.

"ಅವರು ಒಂದೇ ಮಾತು ಕೇಳಿದ್ರು ಅತ್ಗೆ. ಅಕ್ಕನಿಗೆ ಗೊತ್ತಾಗುತ್ತಾ ಅಂತ."

ಫಿಲಿಮೋನೆಗೆ ಕಲಿಸಬಹುದು, ಆದರೆ ಗಾಯದ ಸ್ಥಿತಿ ತಿಳಿಯದೆ ಮುಂದಿನ ಹೆಜ್ಜೆ ಹೇಳುವುದು ಹೇಗೆ? ಯಾವುದಕ್ಕೆ ಮಾತ್ರೆ, ಯಾವುದಕ್ಕೆ ಇಂಜೆಕ್ಷನ್, ಯಾವುದನ್ನು ದಿನಾ ತೊಳೆಯಬೇಕು ಎಂಬುದನ್ನು ಅವಳೇ ಹೇಳಬೇಕು. ಅಕೊಸಿತಾ, ಕಲೋಲೈನೆ ಬಡಿಯುತ್ತಿದ್ದ ತೊಗಟೆಯನ್ನು ನೋಡುತ್ತ ಕೂತಳು. ಅದು ಪೆಟ್ಟುಪೆಟ್ಟಿಗೂ ಅಗಲವಾಗುತ್ತಿತ್ತು, ತೆಳುವಾಗುತ್ತಿತ್ತು, ಆಚೆಯ ಬೆಳಕು ಕಾಣುವಷ್ಟು. ಮೆಲ್ಬರ್ನಿನವರು ರೋಗಿಗಳಿಗೆ ಹೆಸರಿನ ಬದಲು ಅಂಕಿ ಕೊಟ್ಟಿದ್ದರು. ಹೆಸರು ಅಂಕಿಗಳನ್ನು ಜೋಡಿಸುವ ಹಾಳೆ ಒಂದೇ ಒಂದು, ಅದು ಅವಳ ಕಪಾಟಿನಲ್ಲಿತ್ತು.

"ಗೊತ್ತಾಗಲ್ಲ ಅಂತ ಹೇಳು ಕಲೋ," ಎಂದಳು. "ಬರೀ ಬಾಯ್ಮಾತಿಗಲ್ಲ. ನಿಜಕ್ಕೂ ಗೊತ್ತಾಗ್ದಂಗೆ ಮಾಡ್ತೀನಿ."

ಆ ಸಂಜೆ ಅವಳು ಹನ್ನೊಂದು ಜನರ ಹಳೆಯ ಅಂಕಿಗಳನ್ನು ಹೊಡೆದುಹಾಕಿದಳು. ಫಿಲಿಮೋನೆಗೆ ಖಾಲಿ ಹಾಳೆ ಕೊಟ್ಟು, ಒಂದರಿಂದ ಹನ್ನೊಂದರವರೆಗೆ ನಿನಗೆ ತೋಚಿದಂತೆ ಹಂಚಿಕೋ, ನನಗೆ ತೋರಿಸಬೇಡ ಎಂದಳು. ಅವನು ದೋಣಿಯಲ್ಲಿ ಕೂತು, ಅವಳಿಗೆ ಬೆನ್ನು ತಿರುಗಿಸಿ, ನಾಲಗೆ ಕಚ್ಚಿಕೊಂಡು ಬರೆದ. ಬರೆದು ಗಾಳದ ಪೆಟ್ಟಿಗೆಯೊಳಗಿಟ್ಟ.

ಆಮೇಲಿನ ವಾರಗಳು ಅಕೊಸಿತಾಗೆ ನೀರಿನೊಳಗೆ ಕಣ್ಣು ತೆರೆದು ಬದುಕಿದಂತಿದ್ದವು. ದಿನಾ ಸಂಜೆ ಹಾಳೆಗಳು ಬರುತ್ತಿದ್ದವು. ಎಲ್ಲದರ ಮೇಲೂ ಒಂದೇ ಅಚ್ಚಿನ ಪಾದದ ಗೆರೆಚಿತ್ರ. ಬೆರಳಿಲ್ಲದಿದ್ದರೂ ಬೆರಳು ಅಳಿಸಬೇಡ, ಗಾಯ ಮಾತ್ರ ಬರೆ ಎಂದು ಹೇಳಿದ್ದಳು. ಹನ್ನೊಂದರಲ್ಲಿ ಏಳು ಜನಕ್ಕೆ ಬೆರಳುಗಳು ಹೋಗಿದ್ದವು, ಆದರೂ ಎಡಪಾದದ ಎರಡು ಬೆರಳು ಅಳಿಸಿದ್ದರೆ ಅವಳಿಗೆ ಯಾರೆಂದು ಹೊಳೆದುಬಿಡುತ್ತಿತ್ತು. ಫಿಲಿಮೋನೆ ಕೆಂಪು ಪೆನ್ಸಿಲಿನಲ್ಲಿ ಗಾಯದ ಅಂಚು ಬರೆಯುತ್ತಿದ್ದ, ಕಪ್ಪಾದ ಕಡೆ ಕಪ್ಪು. ಮೂರನೆಯ ಅಂಕಿಯ ಗಾಯ ಕಿರಿದಾಯಿತು. ಒಂಬತ್ತರ ಅಂಚಿನಲ್ಲಿ ಹೊಸ ಚರ್ಮ. ಐದು ನಿಂತಲ್ಲೇ ನಿಂತಿತ್ತು. ಏಳು ಕಪ್ಪಾಗುತ್ತಿತ್ತು.

ಅವಳು ಏಳಕ್ಕೆ ಇಂಜೆಕ್ಷನ್ ಬರೆದಳು, ಮತ್ತೊಂದು ಬರೆದಳು, ರಾಜಧಾನಿಗೆ ಫೋನು ಮಾಡಿ ಸರ್ಜನ್ನರನ್ನು ಕೇಳಿದಳು. ಅವರು ಈಗಲೇ ಕಳಿಸಿ ಎಂದರು. ಆದರೆ ವಾರವಿಡೀ ಗಾಳಿ, ಹಾರುವ ವಿಮಾನವಿಲ್ಲ, ಸಣ್ಣ ದೋಣಿ ದಂಡೆ ದಾಟುವಂತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚು ಅವಳಿಗೆ ಏಳನೆಯ ಗಾಯದ ಅಂಚಿನಂತೆ ಕಾಣುತ್ತಿತ್ತು. ಇಗರ್ಜಿಯಲ್ಲಿ ಗಂಡಸರು ದಪ್ಪದನಿಯಲ್ಲಿ ಹಾಡುವಾಗ ಕಣ್ಣು ಮುಚ್ಚಿ, ಆ ದನಿಗಳಲ್ಲಿ ಒಂದು ಸೊರಗಿದೆಯೇ ಎಂದು ಆಲಿಸುತ್ತಿದ್ದಳು. ಹನ್ನೊಂದು ಜನರಲ್ಲಿ ಒಬ್ಬರೂ ಹಾಡಲು ಬರುತ್ತಿಲ್ಲವೆಂದು ಆಮೇಲೆ ನೆನಪಾಗುತ್ತಿತ್ತು. ಎಲ್ಲರೂ ಕಾಲು ಮೇಲೆತ್ತಿಕೊಂಡು ಮಲಗಿದ್ದರು, ಅವಳೇ ಹೇಳಿ ಮಲಗಿಸಿದ್ದಳು.

ಒಂದು ಮಧ್ಯಾಹ್ನ ಔಷಧದ ಪೆಟ್ಟಿಗೆ ಇಡಲು ದೋಣಿಗೆ ಹೋದಾಗ ಗಾಳದ ಪೆಟ್ಟಿಗೆ ಕೈಗೆಟುಕುವಂತಿತ್ತು. ಫಿಲಿಮೋನೆ ದೂರದಲ್ಲಿ ಹಗ್ಗ ಸುತ್ತುತ್ತಿದ್ದ. ಅವಳ ಬೆರಳು ಚಿಲಕದ ಮೇಲೆ ಹೋಯಿತು. ತೆಗೆದರೆ ಏಳು ಯಾರೆಂದು ತಿಳಿಯುತ್ತದೆ, ತಿಳಿದರೆ ಚಿಕಿತ್ಸೆ ಏನೂ ಬದಲಾಗುವುದಿಲ್ಲ. ದೋಣಿ ಅಲೆಯ ಮೇಲೆ ತೂಗುತ್ತಿತ್ತು, ತೊಟ್ಟಿಲಿನಂತೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ತುಂಬ ಹೊತ್ತು ನೀರಿನಲ್ಲಿ ಅದ್ದಿಟ್ಟುಕೊಂಡಳು.

ಮನೆಗಳಲ್ಲಿ ಏನು ನಡೆಯುತ್ತಿದೆ ಎಂಬುದು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತಿತ್ತು. ಫಿಲಿಮೋನೆ ಹೋದಲ್ಲೆಲ್ಲ ಗಂಡಸರು ಬಾಯಿ ಬಿಡುತ್ತಿದ್ದರಂತೆ. ನೋವು ಎಷ್ಟು ಎಂದರೆ ಇಲ್ಲ ಎನ್ನುತ್ತಿದ್ದವರು ಈಗ ಅವನನ್ನು ಬಯ್ಯುತ್ತಿದ್ದರಂತೆ, ನಿನ್ನ ಕೈಯೋ ಲಂಗರೋ ಎಂದು. ಅವನೂ ಬಿಡುತ್ತಿರಲಿಲ್ಲ, ನಿಮ್ಮ ಕಾಲಿಗಿಂತ ನನ್ನ ಗಾಳದ ಎರೆಗೆ ವಾಸನೆ ಕಮ್ಮಿ ಎನ್ನುತ್ತಿದ್ದನಂತೆ. ಅಂಗಡಿಯಿಂದ ಕುರಿಯ ಪಕ್ಕೆ ತರುವುದನ್ನು ಕೆಲವು ಮನೆಗಳು ನಿಲ್ಲಿಸಿದ್ದವು. ಇದ್ಯಾವುದಕ್ಕೂ ನಮೂನೆಯಲ್ಲಿ ಜಾಗವಿರಲಿಲ್ಲ. ಅಕೊಸಿತಾ ಹಾಳೆಯ ಹಿಂಬದಿಯಲ್ಲಿ ಬರೆದಿಡತೊಡಗಿದಳು.

ಸರ್ಜನ್ನರ ಹಡಗು ಬಂದ ದಿನ ಸಮುದ್ರ ಎಣ್ಣೆ ಹೊಯ್ದಂತೆ ಸುಮ್ಮನಿತ್ತು. ಪ್ರತಿ ಸಲ ಅವಳೇ ರೋಗಿಗಳನ್ನು ಒಳಗೆ ಕರೆಯುತ್ತಿದ್ದಳು. ಈ ಸಲ ಫಿಲಿಮೋನೆಗೆ ಶುಭ್ರವಾದ ಅಂಗಿ ತೊಡಿಸಿ, ದೊಡ್ಡವರೆದುರು ಹೋಗುವವರ ರೂಢಿಯಂತೆ ಸೊಂಟಕ್ಕೆ ಚಾಪೆ ಕಟ್ಟಿಸಿ ಕಳಿಸಿ, ತಾನು ಹಿಂದಿನ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಗೋಡೆಯಾಚೆ ಊರುಗೋಲಿನ ಸದ್ದು, ಕೆಮ್ಮು, ಸರ್ಜನ್ನರ ಗಡಸು ದನಿ. ಯಾರು ಯಾರೆಂದು ತಿಳಿಯಬಾರದೆಂದು ಅವಳು ಬ್ಯಾಂಡೇಜಿನ ಸುರುಳಿಗಳನ್ನು ಎಣಿಸಿದಳು, ತಪ್ಪಿ ಮತ್ತೆ ಎಣಿಸಿದಳು. ಎರಡು ಗಂಟೆಯ ಹೊತ್ತಿಗೆ ಬಾಗಿಲ ಸಂದಿಯಿಂದ ಫಿಲಿಮೋನೆ ಒಂದು ಹಾಳೆ ತಳ್ಳಿದ. ಹತ್ತು ಅಂಕಿಗಳ ಮುಂದೆ ಅವನ ಸೊಟ್ಟ ಅಕ್ಷರದಲ್ಲಿ ಒಂದೇ ಪದ: ಉಳಿಯಿತು. ಏಳರ ಮುಂದೆ: ಹಡಗು.

ಅವಳು ಕಿಟಕಿಗೆ ಹೋದಳು. ನೋಡಬಾರದು ಎಂದುಕೊಳ್ಳುತ್ತಲೇ ನೋಡಿದಳು. ದಕ್ಕೆಯ ಕಡೆಗೆ ನಾಲ್ಕು ಜನ ಹೊತ್ತ ಸ್ಟ್ರೆಚರು ಸಾಗುತ್ತಿತ್ತು, ಮೇಲೆ ಹೊದಿಸಿದ ಚಾಪೆ, ಮುಖ ಕಾಣದು. ಸ್ಟ್ರೆಚರಿನ ಜೊತೆಗೆ ಹೋಗುವವಳು ಹೆಂಡತಿ. ಬಿಸಿಲಿಗೆ ನೀಲಿ ಕೊಡೆ ಹಿಡಿದು ಕುಳ್ಳಗಿನ ಹೆಂಗಸೊಬ್ಬಳು ಬೇಗಬೇಗ ನಡೆಯುತ್ತಿದ್ದಳು. ಕಲೋಲೈನೆ ಎತ್ತರದವಳು. ಅವಳು ತೆಂಗಿನ ಮರದಡಿ ಉಳಿದ ಹೆಂಗಸರ ನಡುವೆ ನಿಂತಿದ್ದಳು, ನಿಂತೇ ಇದ್ದಳು.

ಅಕೊಸಿತಾಳ ಎದೆಯಿಂದ ಉಸಿರೊಂದು ಸಡಿಲವಾಗಿ ಬಂತು. ಕಿಟಕಿಯ ಗಾಜು ಮಂಜಾಯಿತು. ಮಂಜು ಆರುವಷ್ಟರಲ್ಲಿ ಅವಳಿಗೆ ಆ ನೀಲಿ ಕೊಡೆಯ ಗುರುತು ಹತ್ತಿತು. ಫೆಲೇತಿ, ಅಮ್ಮನ ಅಣ್ಣನ ಸೊಸೆ. ಅಂದರೆ ಚಾಪೆಯ ಕೆಳಗಿರುವವನು ಸೋಸಾಯಾ, ಸೋದರಮಾವನ ಮಗ. ಅವನ ಬಾಗಿಲಿಗೂ ಅವಳು ಎರಡು ವರ್ಷ ಹೋಗಿದ್ದಳು. ಅವನನ್ನೂ ಎಬ್ಬಿಸಿ ಓಡಿಸಿದ್ದಳು. ಈಗ ಬಿಟ್ಟ ಉಸಿರನ್ನು ಹಿಂದಕ್ಕೆಳೆದುಕೊಳ್ಳಲು ಆಗುವಂತಿದ್ದರೆ ಎಳೆದುಕೊಳ್ಳುತ್ತಿದ್ದಳು. ಹಡಗು ಹೋಗುವವರೆಗೂ ಅವಳು ಕಿಟಕಿ ಬಿಡಲಿಲ್ಲ. ಅದು ಸಣ್ಣದಾಗಿ, ಬೆಳಕಿನಲ್ಲಿ ಕರಗಿ, ಇತ್ತೋ ಇಲ್ಲವೋ ಎನ್ನುವಂತಾಯಿತು.

ಅಕೊಸಿತಾ ವರದಿಗೆ ಹನ್ನೆರಡು ಪುಟ ಬರೆದಳು. ಗಾಯ ಕಟ್ಟಲು ಹೋಗುವವರು ರೋಗಿಗೆ ಏನಾಗಬೇಕು ಎಂದು ಮೊದಲು ಕೇಳಿ ಎಂಬುದೇ ಅದರ ಸಾರ. ಹನ್ನೊಂದು ಜನರ ಕಾರಣದ ಜಾಗದಲ್ಲಿ ತನ್ನ ಹೆಸರನ್ನೇ ಬರೆದಳು. ಮೆಲ್ಬರ್ನಿನವರು ಮೆಚ್ಚಿ ಕಾಗದ ಬರೆದರು, ಹನ್ನೆರಡು ಪುಟವನ್ನು ಕೊನೆಯ ಅನುಬಂಧದಲ್ಲಿ ಒಂದು ಪುಟಕ್ಕೆ ಇಳಿಸಿದರು. ಸಾಲುಗಳನ್ನು ತೆಗೆದರು. ಹೀಗೆ ಲೆಕ್ಕದ ಪ್ರಕಾರ ಆ ದ್ವೀಪದಲ್ಲಿ ಗಂಡಸರ ಪಾದಗಳು ಇದ್ದದ್ದು ಎರಡೇ ಜೊತೆ. ಆದರೆ ಪಕ್ಕದ ಎರಡು ದ್ವೀಪಗಳ ನರ್ಸುಗಳು ಆ ಹನ್ನೆರಡು ಪುಟವನ್ನು ಕೈಬರಹದಲ್ಲೇ ತರಿಸಿಕೊಂಡರು. ಅಲ್ಲಿಯೂ ಈಗ ಒಬ್ಬ ಬಡಗಿ, ಒಬ್ಬ ಇಗರ್ಜಿಯ ಗಂಟೆ ಬಾರಿಸುವವನು ಪರಂಗಿ ಹಣ್ಣು ಕೆರೆಯುವುದನ್ನು ಕಲಿಯುತ್ತಿದ್ದರು.

ಮಾರ್ಚಿನಲ್ಲಿ ಮೊದಲ ಹೆಗ್ಗೆಣಸು ಅಗೆಯುವ ಕಾಲ ಬಂತು. ಮೊದಲ ಬೆಳೆ ಅಕ್ಕತಂಗಿಯ ಮನೆಗೆ ಹೋಗಬೇಕು ಎಂಬುದು ಇಲ್ಲಿನ ಪದ್ಧತಿ. ಒಂದು ಬೆಳಗ್ಗೆ ಕಲೋಲೈನೆ ತೆಂಗಿನ ಗರಿಯ ಬುಟ್ಟಿ ಹೊತ್ತು ತಂದು ಅಕೊಸಿತಾಳ ಜಗಲಿಯಲ್ಲಿ ಇಳಿಸಿದಳು. ಒಳಗೆ ಒಂದೇ ಗೆಣಸು, ಮಗುವಿನಷ್ಟು ಉದ್ದ, ಮೈಗೆ ಹಸಿಮಣ್ಣು, ಎಲ್ಲೂ ಬಿರುಕಿಲ್ಲ. ಕಲೋಲೈನೆ ಹೇಳಬಾರದ್ದನ್ನು ಹೇಳದೆ ದಾಟಿಸಲು ಸ್ವಲ್ಪ ಹೊತ್ತು ತಡಕಾಡಿದಳು.

"ಇಷ್ಟುದ್ದದ್ದು ಮುರೀದೆ ಬರ್ಬೇಕಾದ್ರೆ ಗುಂಡಿಗಿಳಿದು ನಿಂತ್ಕೊಂಡೇ ಎತ್ಬೇಕಂತೆ ಅತ್ಗೆ. ಬೇರೆಯೋರ ಕೈಲಿ ಆಗಲ್ಲ ಅಂದ್ರು."

ಅಕೊಸಿತಾ ಗೆಣಸಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ತುಂಬ ಚೆನ್ನಾಗಿದೆ ಎಂದಷ್ಟೇ ಹೇಳಿದಳು.

ಆ ವಾರ ಉಳಿದ ಮನೆಗಳಿಂದಲೂ ಬುಟ್ಟಿಗಳು ಬಂದವು, ಒಬ್ಬರೂ ಬಿಡಲಿಲ್ಲ. ಕೊನೆಗೆ ಬಂದವಳು ಫೆಲೇತಿ, ಅದೇ ನೀಲಿ ಕೊಡೆಯವಳು. ಅವಳ ಬುಟ್ಟಿಯ ಗೆಣಸು ಮೂರು ತುಂಡಾಗಿತ್ತು, ಗುದ್ದಲಿಯ ಏಟಿನ ಗುರುತಿತ್ತು. ನಾನೇ ಅಗೆದೆ, ನನಗೆ ರೂಢಿಯಿಲ್ಲ ಎಂದು ತಲೆತಗ್ಗಿಸಿದಳು. ಅಕೊಸಿತಾ ಅವಳನ್ನು ಕೂರಿಸಿದಳು. ಒಲೆ ಹೊತ್ತಿಸಿ, ಮುರಿದ ತುಂಡುಗಳನ್ನೇ ಮೊದಲು ತೊಳೆದು ಬೇಯಲಿಟ್ಟಳು.